ನಾಲ್ಕೇ ಮಾತಿನ ಪಾತ್ರ, 18 ವರ್ಷದ ನಂತರ: ಒಪ್ಪಿಕೊಳ್ಳಲೇ?

ಪ್ರಶ್ನೆ: ನನಗೀಗ 53 ವರ್ಷ. ಹಿಂದೆ ಹತ್ತು ಹನ್ನೆರಡು ವರ್ಷ ರಂಗಭೂಮಿಯಲ್ಲಿದ್ದೆ, ಹೆಚ್ಚಾಗಿ ಮುಖ್ಯ ಪಾತ್ರಗಳನ್ನೇ ಮಾಡಿದ್ದೆ. ಕೊನೆಯಲ್ಲಿ ಎರಡು ಧಾರಾವಾಹಿಗಳಲ್ಲೂ ನಟಿಸಿದ್ದೆ. ಆಮೇಲೆ ಮನೆ, ಮಕ್ಕಳು, ಬೇರೆ ಕೆಲಸ. ಬಣ್ಣ ಹಚ್ಚಿ 18 ವರ್ಷವಾಯಿತು. ಈಗ ಹಳೆಯ ಪರಿಚಯದ ನಿರ್ದೇಶಕರೊಬ್ಬರು ತಮ್ಮ ಸಿನಿಮಾದಲ್ಲಿ ಒಂದು ಸಣ್ಣ ಪಾತ್ರಕ್ಕೆ ಕರೆದಿದ್ದಾರೆ. ರಾತ್ರಿ ಪಾಳಿಯ ನರ್ಸ್. ಎರಡು ದೃಶ್ಯ, ನಾಲ್ಕು ಮಾತು. ಆಸ್ಪತ್ರೆಗೆ ತಡವಾಗಿ ಓಡಿಬರುವ ಮಗನಿಗೆ "ನೀವು ಮಗನಾ?" ಅಂತ ಕೇಳಬೇಕು. "ಕೂತ್ಕೊಳ್ಳಿ, ಡಾಕ್ಟರ್ ಬರ್ತಾರೆ" ಅನ್ನಬೇಕು. ಅಪ್ಪ ತೀರಿಹೋಗಿರುವುದು ನರ್ಸ್‌ಗೆ ಗೊತ್ತು, ಆದರೆ ಹೇಳುವುದಿಲ್ಲ. ಎರಡನೇ ದೃಶ್ಯದಲ್ಲಿ ಅಪ್ಪನ ವಾಚು, ಕನ್ನಡಕ ಇರುವ ಕವರ್ ಕೊಟ್ಟು "ಇದು ಅವರದ್ದು", "ಇಲ್ಲಿ ಸಹಿ ಹಾಕಿ" ಅನ್ನಬೇಕು. ಅಷ್ಟೇ. ಒಪ್ಪಿಕೊಳ್ಳಬೇಕೋ ಬೇಡವೋ ತಿಳಿಯುತ್ತಿಲ್ಲ. ಮಾತು ನೆನಪಿರುತ್ತದಾ? ಕ್ಯಾಮೆರಾ ಮುಂದೆ ನಿಲ್ಲುವುದು ಇನ್ನೂ ಬರುತ್ತದಾ? ದೊಡ್ಡ ಪಾತ್ರ ಮಾಡಿದವಳು ಇಷ್ಟಕ್ಕೆ ಬಂದಳಲ್ಲ ಅಂತ ನನಗೇ ಅನ್ನಿಸಿದರೆ ಏನು ಮಾಡಲಿ?

ಉತ್ತರ:

ಒಪ್ಪಿಕೊಳ್ಳಿ. ಆದರೆ ನೀವು ವಾಪಸ್ ಬಂದಿರಿ ಅಂತ ತೋರಿಸುವುದಕ್ಕೆ ಒಪ್ಪಿಕೊಳ್ಳಬೇಡಿ. ಆ ನರ್ಸ್ ಪಾತ್ರ ಮಾಡುವುದಕ್ಕೆ ಒಪ್ಪಿಕೊಳ್ಳಿ.

ನಟರಿಗೆ ತರಬೇತಿ ಕೊಡುವ ನನ್ನ ಕೆಲಸದಲ್ಲಿ, ಹೀಗೆ ಬಹಳ ವರ್ಷಗಳ ನಂತರ ಮರಳಿ ಬರುವವರು ಆಗಾಗ ಸಿಗುತ್ತಾರೆ. ಎಲ್ಲರ ಹೆದರಿಕೆಯೂ ಒಂದೇ. ಅಭ್ಯಾಸ ತಪ್ಪಿದೆ, ಬರುತ್ತದೋ ಇಲ್ಲವೋ ಅಂತ. ನಿಜ ಹೇಳಬೇಕೆಂದರೆ ತಪ್ಪಿದ ಅಭ್ಯಾಸ ಅಷ್ಟೇನೂ ತೊಂದರೆ ಕೊಡುವುದಿಲ್ಲ. ಸ್ವಲ್ಪ ದಿನ ಮೈ ಬಗ್ಗಿಸಿದರೆ ವಾಪಸ್ ಬರುತ್ತದೆ. ತೊಂದರೆ ಕೊಡುವುದು ಆಸೆ. ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದನ್ನೆಲ್ಲ ಸಿಕ್ಕ ಮೊದಲ ಅವಕಾಶದಲ್ಲೇ ತೋರಿಸಿಬಿಡಬೇಕು ಅನ್ನುವ ಆಸೆ. ನಾಲ್ಕು ಮಾತಿನ ಪಾತ್ರ ಅಷ್ಟು ಭಾರ ಹೊರಲಾರದು. "ಕೂತ್ಕೊಳ್ಳಿ" ಅನ್ನುವ ಒಂದು ಮಾತಿನಲ್ಲಿ ಕರುಣೆ, ದುಃಖ, ಅನುಭವ, ಅಸಹಾಯಕತೆ ಎಲ್ಲವನ್ನೂ ತುಂಬಲು ಹೋದರೆ ನೋಡುವವರಿಗೆ ನರ್ಸ್ ಕಾಣುವುದಿಲ್ಲ. ತುಂಬಾ ಚೆನ್ನಾಗಿ ನಟಿಸಬೇಕು ಅಂತ ಹಟ ಹಿಡಿದ ಒಬ್ಬ ನಟಿ ಕಾಣುತ್ತಾಳೆ.

ನಿಮಗೆ ಸಿಕ್ಕಿರುವ ಪಾತ್ರವನ್ನೇ ಬಿಡಿಸಿ ನೋಡೋಣ. ಯಾಕೆಂದರೆ ಅದು ನಿಜಕ್ಕೂ ಒಳ್ಳೆಯ ಪಾತ್ರ. ನಿಮ್ಮ ಕಾಗದದಲ್ಲಿ ನೀವದನ್ನು ಸ್ವಲ್ಪ ಅಸಡ್ಡೆಯಿಂದಲೇ ವಿವರಿಸಿದ್ದೀರಿ.

ಮೊದಲ ದೃಶ್ಯ ಯಾರದು? ಮಗನದು. ಅದರಲ್ಲಿ ಅನುಮಾನವೇ ಬೇಡ. ಕ್ಯಾಮೆರಾ ಅವನ ಮುಖದ ಮೇಲಿರುತ್ತದೆ. ಅಪ್ಪ ಇಲ್ಲ ಅನ್ನುವುದು ಅವನಿಗೆ ಹೊಳೆಯುವ ಕ್ಷಣಕ್ಕಾಗಿಯೇ ಆ ದೃಶ್ಯ ಬರೆದಿದ್ದಾರೆ. ಹಾಗಾದರೆ ನರ್ಸ್ ಯಾಕೆ ಬೇಕು? ಅವಳನ್ನು ತೆಗೆದುಹಾಕಿ ನೋಡಿ. ಮಗ ಓಡಿಬರುತ್ತಾನೆ, ಡಾಕ್ಟರ್ ಸಿಗುತ್ತಾರೆ, ವಿಷಯ ಹೇಳುತ್ತಾರೆ, ಅವನು ಅಳುತ್ತಾನೆ. ಸಪ್ಪೆ. ನರ್ಸ್ ಇರುವುದರಿಂದಲೇ ಒಂದು ತಡೆ ಬರುತ್ತದೆ. ಗೊತ್ತಿರುವವಳೊಬ್ಬಳು ಹೇಳದೆ ನಿಂತಿದ್ದಾಳೆ. ಅವಳ ಬಾಯಿಂದ ಏನೂ ಬರದಿದ್ದರೂ ಅವನಿಗೆ ಗೊತ್ತಾಗುತ್ತದೆ. ದೃಶ್ಯ ನಿಂತಿರುವುದೇ ಆ ತಡೆಯ ಮೇಲೆ. ಸಣ್ಣ ಪಾತ್ರ ಸಿಕ್ಕಾಗಲೆಲ್ಲ ಹೀಗೆ ಪಾತ್ರವನ್ನು ಕಿತ್ತು ನೋಡಿ. ಏನು ಕಮ್ಮಿಯಾಗುತ್ತದೋ ಅದೇ ನಿಮ್ಮ ಕೆಲಸ.

ಇನ್ನು ಅವಳಿಗೆ ಏನು ಬೇಕು? "ಅವನಿಗೆ ಸಮಾಧಾನ ಮಾಡಬೇಕು" ಅಂತ ಹೆಚ್ಚಿನವರು ಹೇಳುತ್ತಾರೆ. ಅದು ತೀರಾ ದೊಡ್ಡ ಮಾತು, ಮಾಡಲು ಸಿಗುವಂಥದ್ದಲ್ಲ. ಅವಳಿಗೆ ಬೇಕಾಗಿರುವುದು ಅವನು ಕೂರುವುದು. ಡಾಕ್ಟರ್ ಬರುವ ಮೊದಲು ಅವನು ಬೆಂಚಿನ ಮೇಲೆ ಕೂತಿರಬೇಕು. ಯಾಕೆಂದರೆ ನಿಂತಲ್ಲೇ ಕುಸಿದವರನ್ನು ಅವಳು ನೋಡಿದ್ದಾಳೆ. ಇಷ್ಟು ಸಾಕು. ಆಗ "ಕೂತ್ಕೊಳ್ಳಿ" ಅನ್ನುವುದು ಕರುಣೆಯ ಮಾತಾಗಿ ಉಳಿಯುವುದಿಲ್ಲ, ಒಂದು ಕೆಲಸವಾಗುತ್ತದೆ. ಕೆಲಸ ಮಾಡುವವಳ ಮುಖದಲ್ಲಿ ಕರುಣೆ ತಾನಾಗಿಯೇ ಕಾಣುತ್ತದೆ. ನೀವು ಹಚ್ಚಬೇಕಾಗಿಲ್ಲ.

"ನೀವು ಮಗನಾ?" ಅನ್ನುವ ಪ್ರಶ್ನೆಯೂ ಹಾಗೆಯೇ. ಅವಳು ಸುಮ್ನೆ ಕೇಳುತ್ತಿಲ್ಲ. ಬೇರೆ ಯಾರಿಗೋ ಹೇಳಿ ಎಡವಟ್ಟಾಗಬಾರದು ಅಂತ ಖಚಿತ ಮಾಡಿಕೊಳ್ಳುತ್ತಿದ್ದಾಳೆ. ಅವನು "ಹೌದು" ಅಂದ ತಕ್ಷಣ ಅವಳಿಗೆ ಒಂದು ಸಣ್ಣ ಕಷ್ಟ ಶುರುವಾಗುತ್ತದೆ. ಎಲ್ಲಿ ನೋಡುವುದು? ಅವನ ಕಣ್ಣನ್ನೇ ನೋಡಿದರೆ ವಿಷಯ ಗೊತ್ತಾಗುತ್ತದೆ. ಬೇರೆ ಕಡೆ ನೋಡಿದರೂ ಗೊತ್ತಾಗುತ್ತದೆ. ನೀವು ಯಾವುದನ್ನು ಆರಿಸುತ್ತೀರಿ ಅನ್ನುವುದರಲ್ಲೇ ಇಡೀ ಪಾತ್ರ ಇದೆ. ಅದನ್ನು ನಾನು ಹೇಳಿಕೊಡುವುದಿಲ್ಲ. ಮನೆಯಲ್ಲಿ ಎರಡೂ ಮಾಡಿ ನೋಡಿ. ಸೆಟ್ಟಿನಲ್ಲಿ ಎದುರಿನ ನಟ ಏನು ಕೊಡುತ್ತಾನೋ ನೋಡಿ ತೀರ್ಮಾನಿಸಿ.

ಎರಡನೇ ದೃಶ್ಯದಲ್ಲಿ ಅಳುವ ಆಸೆ ಇನ್ನೂ ಜಾಸ್ತಿ ಬರುತ್ತದೆ. ವಾಚು, ಕನ್ನಡಕ, ತಂದೆಯಿಲ್ಲದ ಮಗ. ಗಂಟಲು ಕಟ್ಟುವುದಕ್ಕೆ ಎಲ್ಲವೂ ಇದೆ. ಆದರೆ ಆ ನರ್ಸ್ ಇಂಥ ಕವರ್‌ಗಳನ್ನು ಎಷ್ಟೋ ಜನರ ಕೈಗೆ ಕೊಟ್ಟಿದ್ದಾಳೆ. ಪ್ರತಿ ಸಲ ಅತ್ತರೆ ಅವಳು ಆ ಕೆಲಸದಲ್ಲಿ ಉಳಿಯುತ್ತಿರಲಿಲ್ಲ, ಅಲ್ವಾ? ಅವಳಿಗೆ ಸಹಿ ಬೇಕು. ಪೆನ್ನು ಎಲ್ಲಿದೆ? ಅವನ ಕೈ ನಡುಗುತ್ತಿದ್ದರೆ ಕಾಗದವನ್ನು ಹಿಡಿದುಕೊಳ್ಳುತ್ತಾಳಾ? ಎಲ್ಲಿ ಸಹಿ ಹಾಕಬೇಕು ಅಂತ ಬೆರಳಿಟ್ಟು ತೋರಿಸುತ್ತಾಳಾ? ಆ ಬೆರಳು ಒಂದು ಕ್ಷಣ ಅಲ್ಲೇ ಉಳಿದರೆ ಸಾಕು. ಅಳುವ ಕೆಲಸವನ್ನು ಪ್ರೇಕ್ಷಕರಿಗೆ ಬಿಡಿ.

ಸಾಧ್ಯವಾದರೆ ಪರಿಚಯದ ನರ್ಸ್ ಒಬ್ಬರ ಜತೆ ಕೂತು ಮಾತಾಡಿ. ಭಾವನೆಗಳ ಬಗ್ಗೆ ಕೇಳಬೇಡಿ, ಅವರು ಏನೋ ಒಂದು ಒಳ್ಳೆಯ ಮಾತು ಹೇಳಿ ಮುಗಿಸುತ್ತಾರೆ. ಕೈಗಳ ಬಗ್ಗೆ ಕೇಳಿ. ಪಾಳಿ ಬದಲಾಗುವಾಗ ಏನು ಬರೆದಿಡುತ್ತೀರಿ? ರಾತ್ರಿ ಮೂರು ಗಂಟೆಗೆ ಮೈಯಲ್ಲಿ ಎಲ್ಲಿ ನೋವು ಬರುತ್ತದೆ? ಸಂಬಂಧಿಕರು ಬಂದಾಗ ಮೇಜಿನ ಹಿಂದೆಯೇ ಇರುತ್ತೀರಾ, ಎದ್ದು ಬರುತ್ತೀರಾ? ಇಂಥ ಒಂದು ಉತ್ತರ ಸಿಕ್ಕರೆ ಪಾತ್ರದ ಅರ್ಧ ಸಿಕ್ಕಿತು. ಹಾಗಂತ ಅವಳಿಗೆ ಹುಟ್ಟೂರು, ಮುರಿದ ಮದುವೆ, ಹಳೆಯ ಕೊರಗು ಎಲ್ಲ ಕಟ್ಟಿಕೊಡಲು ಹೋಗಬೇಡಿ. ಮುಖ್ಯ ಪಾತ್ರ ಮಾಡಿ ಅಭ್ಯಾಸವಿರುವವರಿಗೆ ಈ ಚಟ ಇರುತ್ತದೆ. ಎರಡು ನಿಮಿಷದ ಪಾತ್ರಕ್ಕೆ ಹಿಂದಿನ ಒಂದು ಗಂಟೆ ಗೊತ್ತಿದ್ದರೆ ಸಾಕು. ಎಷ್ಟು ಹೊತ್ತಿನಿಂದ ನಿಂತಿದ್ದಾಳೆ, ಈಗಷ್ಟೇ ಯಾವ ಕೋಣೆಯಿಂದ ಬಂದಳು, ಕೈ ಒದ್ದೆಯಿದೆಯಾ ಒಣಗಿದೆಯಾ.

ಈಗ ನೆನಪಿನ ವಿಷಯ. ನಾಲ್ಕು ಮಾತು ಮರೆತುಹೋಗುತ್ತದೆ ಅನ್ನುವ ಭಯ ನಗು ಬರಿಸುವಂಥದ್ದು ಅಂತ ಬೇರೆಯವರು ಅನ್ನಬಹುದು. ನಾನು ನಗುವುದಿಲ್ಲ. ನಾಲ್ಕು ಮಾತು ನಲವತ್ತು ಪುಟಕ್ಕಿಂತ ಸುಲಭವಾಗಿ ಕೈಕೊಡುತ್ತದೆ. ದೊಡ್ಡ ಪಾತ್ರದಲ್ಲಿ ಒಂದು ಮಾತು ಇನ್ನೊಂದನ್ನು ಎಳೆದುಕೊಂಡು ಬರುತ್ತದೆ. ಇಲ್ಲಿ ಎಳೆಯುವವರು ಯಾರೂ ಇಲ್ಲ. ಗಂಟೆಗಟ್ಟಲೆ ಕಾದು, ಸುಮ್ನೆ ಕೂತು, ಒಮ್ಮೆಲೇ ಹೇಳಬೇಕು.

ಆದರೆ ಮಿದುಳಿನ ಬಗ್ಗೆ ಚಿಂತೆ ಬೇಡ. ಒಮ್ಮೆ ಕಲಿತು ಮರೆತದ್ದನ್ನು ಮತ್ತೆ ಕಲಿಯಲು ಮೊದಲಿಗಿಂತ ಕಡಿಮೆ ಹೊತ್ತು ಸಾಕು ಅಂತ ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ 1885ರಷ್ಟು ಹಿಂದೆಯೇ ತೋರಿಸಿದ್ದರು. ಮರೆತೇ ಹೋಯಿತು ಅಂದುಕೊಂಡದ್ದು ಪೂರ್ತಿ ಅಳಿಸಿಹೋಗಿರುವುದಿಲ್ಲ. ನಟರ ನೆನಪಿನ ಬಗ್ಗೆಯೇ ವರ್ಷಗಟ್ಟಲೆ ಸಂಶೋಧನೆ ಮಾಡಿದವರು ಹೆಲ್ಗಾ ನೋಯ್ಸ್ ಮತ್ತು ಟೋನಿ ನೋಯ್ಸ್. ಇಬ್ಬರಲ್ಲಿ ಟೋನಿ ಸ್ವತಃ ನಟ. ನುರಿತ ನಟರು ಪದಗಳನ್ನು ಉರು ಹೊಡೆಯುವುದು ಕಡಿಮೆ, ಈ ಮಾತನ್ನು ಇವಳು ಯಾಕೆ ಹೇಳುತ್ತಾಳೆ ಅಂತ ಹುಡುಕುತ್ತಾರೆ, ಪದಗಳು ಅದರ ಬೆನ್ನಿಗೇ ಉಳಿದುಕೊಳ್ಳುತ್ತವೆ ಅನ್ನುವುದು ಅವರು ಕಂಡುಕೊಂಡದ್ದು. ನಡೆದಾಡುತ್ತಾ ಹೇಳಿದ ಮಾತು ನಿಂತು ಹೇಳಿದ್ದಕ್ಕಿಂತ ಚೆನ್ನಾಗಿ ನೆನಪಿರುತ್ತದೆ ಅಂತಲೂ ಅವರು ತೋರಿಸಿದರು. ವಯಸ್ಸಾದವರಿಗೆ ನಾಲ್ಕು ವಾರ ನಟನೆಯ ಪಾಠ ಹೇಳಿ, ಅವರ ನೆನಪಿನ ಶಕ್ತಿ ಸುಧಾರಿಸಿದ್ದನ್ನೂ ದಾಖಲಿಸಿದರು. ಅಂದರೆ ನಟಿಸುವುದಕ್ಕೆ ನೆನಪು ಬೇಕು ಅಂತ ನೀವು ಹೆದರುತ್ತಿದ್ದೀರಿ. ನಟನೆಯೇ ನೆನಪಿಗೆ ಒಳ್ಳೆಯದು.

ಬೇರೆ ರೀತಿಯ ಸಾಕ್ಷಿ ಬೇಕಿದ್ದರೆ ಬ್ರಿಟನ್ನಿನ ನಟಿ ಗ್ಲೆಂಡಾ ಜ್ಯಾಕ್ಸನ್ ಅವರ ಉದಾಹರಣೆ ನೋಡಿ. 1992ರಲ್ಲಿ ಸಂಸತ್ತಿಗೆ ಆಯ್ಕೆಯಾಗಿ ನಟನೆ ಬಿಟ್ಟರು. 2015ರವರೆಗೆ ಅಲ್ಲೇ ಇದ್ದರು. ಹೊರಬಂದ ಮೇಲೆ ಮೊದಲು ಒಂದು ರೇಡಿಯೊ ಸರಣಿ ಮಾಡಿದರು. 2016ರಲ್ಲಿ, 80ನೇ ವಯಸ್ಸಿನಲ್ಲಿ, ಲಂಡನ್ನಿನ ರಂಗದ ಮೇಲೆ ಶೇಕ್ಸ್‌ಪಿಯರನ ಕಿಂಗ್ ಲಿಯರ್ ಪಾತ್ರವನ್ನೇ ಮಾಡಿದರು. ಅಷ್ಟೂ ಮಾತನ್ನು ಆ ವಯಸ್ಸಿನಲ್ಲಿ ಹೊತ್ತುಕೊಂಡರು.

ಕಲಿಯುವ ರೀತಿಯಲ್ಲಿ ಒಂದು ಎಚ್ಚರಿಕೆ ಇರಲಿ. ಮನೆಯಲ್ಲಿ ಒಂದೇ ರಾಗದಲ್ಲಿ ಹೇಳಿ ಹೇಳಿ ಮಾತನ್ನು ಗಟ್ಟಿ ಮಾಡಿಕೊಳ್ಳಬೇಡಿ. ಹಾಗೆ ಮಾಡಿದರೆ ನಿರ್ದೇಶಕರು "ಇನ್ನೂ ಮೆಲ್ಲಗೆ" ಅಥವಾ "ಸ್ವಲ್ಪ ಅವಸರದಲ್ಲಿ" ಅಂದಾಗ ಬಾಯಿ ಹಳೆಯ ರಾಗವನ್ನೇ ಹಾಡುತ್ತದೆ. ಯಾವ ಭಾವವೂ ಇಲ್ಲದೆ, ಪಾತ್ರೆ ತೊಳೆಯುತ್ತಾ, ಬಟ್ಟೆ ಮಡಚುತ್ತಾ, ಜೋರಾಗಿ, ಪಿಸುಗುಟ್ಟಿ, ಹೇಗೆ ಬೇಕೋ ಹಾಗೆ ಹೇಳಿ. ನಿಮ್ಮ ಮಾತಿನಷ್ಟೇ ಮಗನ ಮಾತುಗಳನ್ನೂ ಕಲಿಯಿರಿ. ಅವನ ಮಾತುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ನಿಮ್ಮದಕ್ಕೆ ಜಾಗ ಬಿಟ್ಟು, ಕೇಳುತ್ತಾ ಉತ್ತರಿಸಿ. ಕಣ್ಣಿಗೆ ಓದುವುದು ಕಷ್ಟವಿದ್ದರಂತೂ ಇದೇ ಒಳ್ಳೆಯ ದಾರಿ. ದೃಷ್ಟಿ ಮಂಜಾದ ಮೇಲೆ ಜೂಡಿ ಡೆಂಚ್ ಅಂಥ ನಟಿ ಬೇರೆಯವರಿಂದ ಓದಿಸಿ, ಕೇಳಿ ಮಾತು ಕಲಿಯುವುದನ್ನು ರೂಢಿ ಮಾಡಿಕೊಂಡರು. ಚಾಳೀಸಿನ ಕನ್ನಡಕ ಹಾಕುವವರಾದರೆ ನರ್ಸ್ ಪಾತ್ರಕ್ಕೆ ಕನ್ನಡಕ ಇರಬಹುದಾ ಅಂತ ಈಗಲೇ ಕೇಳಿ. ರಾತ್ರಿ ಪಾಳಿಯ ನರ್ಸ್ ಕುತ್ತಿಗೆಗೆ ಕನ್ನಡಕ ತೂಗುಹಾಕಿಕೊಂಡಿದ್ದರೆ ಯಾರೂ ಬೇಡ ಅನ್ನುವುದಿಲ್ಲ.

ದನಿ ಮಾತ್ರ ನಿಜಕ್ಕೂ ಬದಲಾಗಿರುತ್ತದೆ. ಇದನ್ನು ಮುಚ್ಚಿಡುವುದಿಲ್ಲ. ಐವತ್ತರ ನಂತರ ಹೆಂಗಸರ ದನಿ ಸಾಮಾನ್ಯವಾಗಿ ಕೊಂಚ ತಗ್ಗುತ್ತದೆ, ಉಸಿರು ಬೇಗ ಮುಗಿಯುತ್ತದೆ. ನಿಮ್ಮ ಹಳೆಯ ದನಿಯನ್ನು ಹುಡುಕಲು ಹೋಗಬೇಡಿ. ಆ ನರ್ಸ್‌ಗೆ ಈಗಿನ ದನಿಯೇ ಸರಿ. ಆದರೆ ಈಗಿನಿಂದಲೇ ದಿನಾ ಸ್ವಲ್ಪ ಹೊತ್ತು ಗುನುಗಿ. ಒಂದು ಸಾಧಾರಣ ಸ್ಟ್ರಾ ತುಟಿಗಿಟ್ಟು, ಅದರ ಮೂಲಕ ದನಿಯನ್ನು ಮೇಲಕ್ಕೆ ಕೆಳಕ್ಕೆ ಎಳೆಯಿರಿ. ದನಿ ಚಿಕಿತ್ಸಕರು ಹಾಡುಗಾರರಿಗೂ ನಟರಿಗೂ ಹೇಳಿಕೊಡುವ ಅಭ್ಯಾಸ ಇದು. ಗಂಟಲಿಗೆ ಆಯಾಸ ಕಡಿಮೆ. ದೇಹಕ್ಕೂ ಹಾಗೆಯೇ, ದಿನಾ ನಡೆಯಿರಿ, ನೆಲದಿಂದ ಎದ್ದು ಕೂರುವುದನ್ನು ರೂಢಿಸಿಕೊಳ್ಳಿ. ಇದಕ್ಕಿಂತ ಜಾಸ್ತಿ ಈ ಪಾತ್ರ ಕೇಳುವುದಿಲ್ಲ.

ನೀವು ಬಿಟ್ಟುಹೋದ ಸೆಟ್ಟಿಗೂ ಈಗಿನ ಸೆಟ್ಟಿಗೂ ವ್ಯತ್ಯಾಸ ಬಹಳ ಇದೆ. ನೀವು ಇದ್ದಾಗ ಸಿನಿಮಾ ಇನ್ನೂ ಹೆಚ್ಚಾಗಿ ಫಿಲ್ಮಿನಲ್ಲೇ ನಡೆಯುತ್ತಿತ್ತು. ಫಿಲ್ಮ್ ರೀಲು ದುಬಾರಿ, ಹಾಗಾಗಿ ಟೇಕ್ ಅಂದರೆ ಎಲ್ಲರೂ ಉಸಿರು ಬಿಗಿಹಿಡಿಯುತ್ತಿದ್ದರು. 2013ರ ಹೊತ್ತಿಗೆ ಫ್ಯೂಜಿಫಿಲ್ಮ್ ಕಂಪನಿ ಸಿನಿಮಾ ಚಿತ್ರೀಕರಣದ ಫಿಲ್ಮ್ ತಯಾರಿಸುವುದನ್ನೇ ನಿಲ್ಲಿಸಿತು. ಈಗ ಡಿಜಿಟಲ್. ಕ್ಯಾಮೆರಾ ಓಡುತ್ತಲೇ ಇರುತ್ತದೆ. ನಿರ್ದೇಶಕರು "ಕಟ್" ಹೇಳದೆ "ಹಾಗೇ ಇನ್ನೊಂದು ಸಲ" ಅನ್ನಬಹುದು. ಆಗ ಗಾಬರಿಯಾಗಬೇಡಿ, ನಿಮ್ಮ ಮೊದಲ ಜಾಗಕ್ಕೆ ಹೋಗಿ ಮತ್ತೆ ಶುರು ಮಾಡಿ. ರಿಹರ್ಸಲ್ ಕಡಿಮೆ. ಕೆಲವೊಮ್ಮೆ ರಿಹರ್ಸಲ್ಲನ್ನೇ ಚಿತ್ರೀಕರಿಸಿಬಿಡುತ್ತಾರೆ.

ಇನ್ನೊಂದು ದೊಡ್ಡ ಬದಲಾವಣೆ ಶಬ್ದದ್ದು. ಪ್ರಾಂಪ್ಟಿಂಗ್ ಕೇಳಿಸಿಕೊಂಡು ಮಾತು ಹೇಳಿ, ಆಮೇಲೆ ಡಬ್ಬಿಂಗ್‌ನಲ್ಲಿ ಸರಿ ಮಾಡಿಕೊಳ್ಳುವ ಅಭ್ಯಾಸ ನಿಮಗಿದ್ದರೆ, ಈ ಸಿನಿಮಾ ಸಿಂಕ್ ಸೌಂಡಾ, ಅಂದರೆ ಮಾತನ್ನು ಸೆಟ್ಟಿನಲ್ಲೇ ರೆಕಾರ್ಡ್ ಮಾಡಿಕೊಳ್ಳುತ್ತಾರಾ ಅಂತ ಮೊದಲೇ ಕೇಳಿ. ಹಾಗಿದ್ದರೆ ಪ್ರಾಂಪ್ಟಿಂಗ್ ಇರುವುದಿಲ್ಲ. ನಿಮ್ಮ ಬಟ್ಟೆಯೊಳಗೆ ಪುಟ್ಟ ಮೈಕ್ ಇರುತ್ತದೆ. ಎದೆಯ ಮೇಲೆ ಕೈ ಇಟ್ಟರೆ, ಕವರ್ ಪರಪರ ಅಂದರೆ ಅದೂ ರೆಕಾರ್ಡ್ ಆಗುತ್ತದೆ. ವಾಚು ಕನ್ನಡಕ ಇರುವ ಆ ಕವರ್ ಪ್ಲಾಸ್ಟಿಕ್ಕಿನದೋ ಕಾಗದದ್ದೋ ಅಂತ ಕೇಳಿ, ಅಂಥದ್ದೇ ಒಂದನ್ನು ಮನೆಯಲ್ಲಿ ಇಟ್ಟುಕೊಂಡು ಅಭ್ಯಾಸ ಮಾಡಿ. ತಮಾಷೆಗೆ ಹೇಳುತ್ತಿಲ್ಲ. ಮಾತಿನ ಮೇಲೆ ಕವರಿನ ಸದ್ದು ಬಿದ್ದು ಮತ್ತೆ ಮತ್ತೆ ಟೇಕ್ ಆದರೆ, ಮೊದಲ ದಿನದ ನಟಿಗೆ ತಪ್ಪು ತನ್ನದೇ ಅನ್ನಿಸತೊಡಗುತ್ತದೆ.

ರಂಗಭೂಮಿಯಿಂದ ಬಂದವರು ಎಡವುವುದು ಕಂಟಿನ್ಯುಟಿಯಲ್ಲಿ. ರಂಗದ ಮೇಲೆ ಪ್ರತಿ ಪ್ರದರ್ಶನವೂ ಸ್ವಲ್ಪ ಬೇರೆಯಾಗಬಹುದು, ಅದರಲ್ಲೇ ಸುಖ. ಇಲ್ಲಿ ಅದೇ ದೃಶ್ಯವನ್ನು ಮೊದಲು ದೂರದಿಂದ, ಆಮೇಲೆ ಅವನ ಹೆಗಲ ಮೇಲಿಂದ, ಆಮೇಲೆ ಹತ್ತಿರದಿಂದ ತೆಗೆಯುತ್ತಾರೆ. "ಇಲ್ಲಿ" ಅನ್ನುವಾಗ ಪೆನ್ನು ಕೊಟ್ಟಿರಾ, "ಸಹಿ" ಅನ್ನುವಾಗ ಕೊಟ್ಟಿರಾ? ಎಲ್ಲ ಶಾಟ್‌ಗಳಲ್ಲೂ ಒಂದೇ ಥರ ಇರಬೇಕು, ಇಲ್ಲದಿದ್ದರೆ ಎಡಿಟರ್‌ಗೆ ಜೋಡಿಸಲು ಬರುವುದಿಲ್ಲ. ಅದಕ್ಕೇ ಕೈಕೆಲಸ ಕಡಿಮೆ ಇಟ್ಟುಕೊಳ್ಳಿ. ಇರುವ ಒಂದೆರಡು ಚಲನೆಗಳನ್ನು ನಿಗದಿತ ಪದಕ್ಕೆ ಕಟ್ಟಿಹಾಕಿ. ಕೈ ಒಂದೇ ಥರ ನಡೆಯುತ್ತಿದ್ದರೆ ಕಣ್ಣಿಗೆ ಸ್ವಾತಂತ್ರ್ಯ ಸಿಗುತ್ತದೆ.

ಇನ್ನು ನಾನು ಎಲ್ಲಕ್ಕಿಂತ ಮುಖ್ಯ ಅಂದುಕೊಂಡಿರುವ ಸಂಗತಿ. ಮಗನ ಕ್ಲೋಸಪ್ ತೆಗೆಯುವಾಗ ನೀವು ಚೌಕಟ್ಟಿನಲ್ಲಿ ಇರುವುದಿಲ್ಲ. ಕ್ಯಾಮೆರಾದ ಪಕ್ಕದಲ್ಲಿ ನಿಂತು ನಿಮ್ಮ ಮಾತು ಹೇಳಬೇಕು. ಎಷ್ಟೋ ಜನ ಆಗ ಸುಮ್ಮನೆ ಓದಿದ ಹಾಗೆ ಹೇಳಿ ಮುಗಿಸುತ್ತಾರೆ, ಹೇಗಿದ್ದರೂ ಕಾಣಿಸುವುದಿಲ್ಲವಲ್ಲ ಅಂತ. ನೀವು ಹಾಗೆ ಮಾಡಬೇಡಿ. ನಿಮ್ಮ ಶಾಟ್‌ನಲ್ಲಿ ಕೊಟ್ಟಷ್ಟೇ ಪೂರ್ತಿಯಾಗಿ ಕೊಡಿ, ಸಾಧ್ಯವಾದರೆ ಇನ್ನೂ ಸ್ವಲ್ಪ ಜಾಸ್ತಿ. ಅವನ ಮುಖದಲ್ಲಿ ಆಗ ಏನು ಮೂಡುತ್ತದೋ ಅದು ನಿಮ್ಮನ್ನು ನೋಡಿ ಮೂಡುವುದು. ತೆರೆಯ ಮೇಲೆ ನಿಮ್ಮ ಹೆಸರು ಅದಕ್ಕೆ ಬರುವುದಿಲ್ಲ. ಆದರೆ ಆ ದೃಶ್ಯಕ್ಕೆ ನೀವು ಕೊಡಬಹುದಾದ ಅತಿ ದೊಡ್ಡ ಕೊಡುಗೆ ಅದೇ. ನಿಮ್ಮ ರಂಗಭೂಮಿಯ ವರ್ಷಗಳು ನಿಜಕ್ಕೂ ಕೆಲಸಕ್ಕೆ ಬರುವುದೂ ಅಲ್ಲಿಯೇ. ಎದುರಿನ ನಟನಿಗೆ ಇದು ಗೊತ್ತಾಗುತ್ತದೆ. ನಿರ್ದೇಶಕರಿಗಂತೂ ಖಂಡಿತ ಗೊತ್ತಾಗುತ್ತದೆ.

ಕಾಯುವುದರ ಬಗ್ಗೆಯೂ ಹೇಳಬೇಕು. ಸಣ್ಣ ಪಾತ್ರದವರನ್ನು ಬೆಳಿಗ್ಗೆಯೇ ಕರೆಸಿ ಸಂಜೆ ಶಾಟ್ ತೆಗೆಯುವುದು ಮಾಮೂಲು. ಉಳಿದವರೆಲ್ಲ ವಾರಗಟ್ಟಲೆ ಒಟ್ಟಿಗಿದ್ದು ತಮ್ಮದೇ ತಮಾಷೆ, ಅಡ್ಡಹೆಸರುಗಳಲ್ಲಿ ಮುಳುಗಿರುತ್ತಾರೆ. ನೀವು ಒಂದು ದಿನದ ಅತಿಥಿ. ಅಸಿಸ್ಟೆಂಟ್ ಡೈರೆಕ್ಟರ್ ಆಗಿರುವ ಹುಡುಗನೋ ಹುಡುಗಿಯೋ ಬಂದು "ಮೇಡಂ, ಹಿಂದೆ ಏನಾದರೂ ಮಾಡಿದ್ದೀರಾ?" ಅಂತ ಕೇಳಬಹುದು. ಆ ಕ್ಷಣ ಚುಚ್ಚುತ್ತದೆ. ಅದಕ್ಕೊಂದು ಉತ್ತರ ಮನೆಯಲ್ಲೇ ತಯಾರು ಮಾಡಿಕೊಳ್ಳಿ. "ನಾಟಕ ಮಾಡ್ತಿದ್ದೆ, ತುಂಬಾ ದಿನ ಆಯ್ತು" ಅಂದರೆ ಸಾಕು. ಪಾತ್ರಗಳ ಪಟ್ಟಿ ಕೊಡಬೇಡಿ. ಅವರು ಸೌಜನ್ಯಕ್ಕೆ ಕೇಳಿದ್ದು. ಕಾಯುವಾಗ ಮಾತುಗಳನ್ನು ನೂರು ಸಲ ಹೇಳಿಕೊಂಡು ಸವೆಸಬೇಡಿ. ಸ್ವಲ್ಪ ತಿನ್ನಿ, ನಡೆದಾಡಿ, ಶಾಟ್ ತಯಾರಾಗುತ್ತಿದೆ ಅಂದಾಗ ದನಿ ಬೆಚ್ಚಗೆ ಮಾಡಿಕೊಳ್ಳಿ, ಒಂದೆರಡು ಸಲ ಹೇಳಿಕೊಳ್ಳಿ. ಸಾಕು.

ಮಾನಿಟರ್ ನೋಡಲು ಕರೆದರೆ ಮೊದಲ ದಿನ ಹೋಗಬೇಡಿ ಅನ್ನುವುದು ನನ್ನ ಸಲಹೆ. 18 ವರ್ಷದ ಬದಲಾವಣೆಯನ್ನು ಒಂದೇ ನೋಟದಲ್ಲಿ, ಅಷ್ಟು ಜನರ ನಡುವೆ ನೋಡುವುದು ಯಾರಿಗೂ ಸುಲಭವಲ್ಲ. ಮುಂದಿನ ಟೇಕ್‌ನಲ್ಲಿ ನೀವು ಮಗನನ್ನು ನೋಡುವುದಿಲ್ಲ, ನಿಮ್ಮ ಗಲ್ಲದ ಬಗ್ಗೆ ಯೋಚಿಸುತ್ತೀರಿ. ಅದರ ಬದಲು ಈಗಲೇ ಮನೆಯಲ್ಲಿ ಫೋನನ್ನು ಅಡ್ಡಲಾಗಿ ನಿಲ್ಲಿಸಿ, ಮುಖಕ್ಕೆ ಎದುರಿನಿಂದ ಬೆಳಕು ಬರುವಂತೆ ಕೂತು, ದೃಶ್ಯವನ್ನು ರೆಕಾರ್ಡ್ ಮಾಡಿ ನೋಡಿ. ಮೊದಲ ಸಲ ಬೇಜಾರಾಗುತ್ತದೆ. ಮಾರನೆಯ ದಿನ ಕಡಿಮೆಯಾಗುತ್ತದೆ. ಆಮೇಲೆ ಕೆಲಸ ಕಾಣತೊಡಗುತ್ತದೆ. ಈಗೀಗ ಆಡಿಷನ್ ಕೂಡ ಹೀಗೇ ವಿಡಿಯೊ ಮಾಡಿ ಕಳಿಸುವುದರಿಂದ ಈ ಅಭ್ಯಾಸ ಮುಂದೆಯೂ ಬೇಕಾಗುತ್ತದೆ.

ಹೆದರಿಕೆ ಬರುತ್ತದೆ. ಬರಲಿ. ಲಾರೆನ್ಸ್ ಒಲಿವಿಯರ್ ಅಂಥ ನಟನಿಗೇ 1960ರ ದಶಕದಲ್ಲಿ, ಹೆಸರಿನ ತುತ್ತತುದಿಯಲ್ಲಿದ್ದಾಗ, ರಂಗದ ಮೇಲೆ ಕಾಲಿಡುವುದೇ ಕಷ್ಟವಾಗುವಷ್ಟು ಭಯ ಶುರುವಾಗಿ ವರ್ಷಗಟ್ಟಲೆ ಕಾಡಿತ್ತು. ಭಯಕ್ಕೂ ಪ್ರತಿಭೆಗೂ ಸಂಬಂಧವಿಲ್ಲ. "ಶಾಂತವಾಗು" ಅಂತ ನಿಮಗೆ ನೀವೇ ಹೇಳಿಕೊಳ್ಳುವುದು ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಅಲಿಸನ್ ವುಡ್ ಬ್ರೂಕ್ಸ್ ಅನ್ನುವ ಸಂಶೋಧಕಿ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣದ ಮುಂಚೆ "ನನಗೆ ಹುರುಪಾಗಿದೆ" ಅಂತ ಹೇಳಿಕೊಂಡವರು, ಶಾಂತವಾಗಲು ಯತ್ನಿಸಿದವರಿಗಿಂತ ಚೆನ್ನಾಗಿ ಮಾಡಿದರು. ಎದೆ ಹೊಡೆದುಕೊಳ್ಳುವುದು ಎರಡಕ್ಕೂ ಒಂದೇ ಥರ. ಅದಕ್ಕೆ ನೀವು ಏನು ಹೆಸರಿಡುತ್ತೀರಿ ಅನ್ನುವುದಷ್ಟೇ ವ್ಯತ್ಯಾಸ.

ಈಗ ನಿಮ್ಮ ಕೊನೆಯ ಪ್ರಶ್ನೆ. "ಇಷ್ಟಕ್ಕೆ ಬಂದಳಲ್ಲ" ಅನ್ನುವ ಕೊರಗು. ಅದು ಬರುವುದೇ ಇಲ್ಲ ಅಂತ ನಾನು ಹೇಳಲಾರೆ. ಸಣ್ಣ ಪಾತ್ರ ದೊಡ್ಡದಾಗಬಹುದು ಅಂತ ತೋರಿಸಲು ಕಥೆಗಳೇನೋ ಇವೆ. ಬಿಯಾಟ್ರಿಸ್ ಸ್ಟ್ರೇಟ್ ಅನ್ನುವ ನಟಿ 1976ರ ಚಿತ್ರವೊಂದರಲ್ಲಿ ತೆರೆಯ ಮೇಲೆ ಇದ್ದದ್ದು ಸುಮಾರು ಐದು ನಿಮಿಷ. ಅದಕ್ಕೆ ಆಸ್ಕರ್ ಬಂತು. ಬಾಲನಟನಾಗಿ 1980ರ ದಶಕದಲ್ಲಿ ಹೆಸರು ಮಾಡಿದ ಕೆ ಹುಯ್ ಕ್ವಾನ್ ಅವಕಾಶ ಸಿಗದೆ ಕ್ಯಾಮೆರಾದ ಹಿಂದೆ ಸಾಹಸ ದೃಶ್ಯಗಳ ಕೆಲಸ ಮಾಡಿಕೊಂಡಿದ್ದು, ಎರಡು ದಶಕದ ಹತ್ತಿರ ಕಳೆದ ಮೇಲೆ ಮರಳಿ, 2023ರಲ್ಲಿ ಆಸ್ಕರ್ ಗೆದ್ದರು. ಇವು ಚೆಂದದ ಕಥೆಗಳು. ಆದರೆ ಶೂಟಿಂಗ್ ಮುಗಿಯುವವರೆಗೆ ಇವನ್ನು ತಲೆಯಲ್ಲಿ ಇಟ್ಟುಕೊಳ್ಳಬೇಡಿ. ಇಟ್ಟುಕೊಂಡರೆ ಮತ್ತೆ ಅದೇ ಹಳೆಯ ಕಾಯಿಲೆ, ತೋರಿಸಿಬಿಡಬೇಕು ಅನ್ನುವ ಆಸೆ. ಇದಕ್ಕಿಂತ ಉಪಯೋಗದ ಕಥೆ ಹಾಲಿವುಡ್ ನಟ ಕೆವಿನ್ ಕಾಸ್ಟ್‌ನರ್ ಅವರದು. 1983ರ ಒಂದು ಚಿತ್ರದಲ್ಲಿ ಅವರ ಮುಖ ಕಾಣುವ ದೃಶ್ಯಗಳನ್ನೆಲ್ಲ ಎಡಿಟಿಂಗ್‌ನಲ್ಲಿ ಕತ್ತರಿಸಿಹಾಕಿದರು. ಅದೇ ನಿರ್ದೇಶಕ ಲಾರೆನ್ಸ್ ಕ್ಯಾಸ್ಡನ್ 1985ರ ತನ್ನ ಮುಂದಿನ ಚಿತ್ರದಲ್ಲಿ ಅವರಿಗೆ ಒಳ್ಳೆಯ ಪಾತ್ರ ಕೊಟ್ಟರು. ಸಣ್ಣ ಪಾತ್ರಗಳೇ ಮೊದಲು ಕತ್ತರಿಗೆ ಸಿಗುವುದು. ನಿಮ್ಮ ಎರಡನೇ ದೃಶ್ಯ ಪೂರ್ತಿ ಹೋಗಬಹುದು. ಚಿತ್ರ ಬರುವವರೆಗೆ ನೆಂಟರಿಗೆಲ್ಲ ಹೇಳಿಕೊಂಡು ಓಡಾಡಬೇಡಿ. ಆದರೆ ಸೆಟ್ಟಿನಲ್ಲಿ ಮಾಡಿದ ಕೆಲಸವನ್ನು ನಿರ್ದೇಶಕರು ನೋಡಿರುತ್ತಾರೆ, ಅದನ್ನು ಕತ್ತರಿಸಲು ಬರುವುದಿಲ್ಲ.

ಹಾಗೂ ಕೊರಗು ಹೋಗದಿದ್ದರೆ? ಒಂದು ಪರೀಕ್ಷೆ ಮಾಡಿಕೊಳ್ಳಿ. ಈ ಪಾತ್ರ ಮಾಡಿದ್ದು ಯಾರಿಗೂ ಗೊತ್ತಾಗುವುದಿಲ್ಲ, ಹೆಸರೂ ಬರುವುದಿಲ್ಲ ಅಂದುಕೊಳ್ಳಿ. ಆಗಲೂ ಆ ಒಂದು ದಿನ ಸೆಟ್ಟಿನಲ್ಲಿ ಇರಬೇಕು ಅನ್ನಿಸುತ್ತದಾ? ಅನ್ನಿಸಿದರೆ ಹೊರಡಿ. ಅನ್ನಿಸದಿದ್ದರೆ ಬೇಡ ಅನ್ನಿ. ಅದರಲ್ಲಿ ಅವಮಾನವಿಲ್ಲ. ನಿಮಗೆ ಬೇಕಾಗಿರುವುದು ರಂಗಭೂಮಿಯೋ, ಹಳೆಯ ಗೆಳೆಯರೋ, ಬೇರೆ ಏನೋ ಇರಬಹುದು.

ಒಪ್ಪುವುದಾದರೆ ನಿರ್ದೇಶಕರಿಗೆ ಫೋನ್ ಮಾಡಿದಾಗಲೇ ಕೆಲವು ವಿಷಯ ಕೇಳಿಕೊಂಡುಬಿಡಿ. ಎಷ್ಟು ದಿನದ ಕೆಲಸ, ಶೂಟಿಂಗ್ ರಾತ್ರಿಯಾ, ಸಿಂಕ್ ಸೌಂಡಾ, ಡಬ್ಬಿಂಗ್ ಇದ್ದರೆ ಅದಕ್ಕೂ ಬರಬೇಕಾ, ಉಡುಪು ಅವರದೇನಾ, ದೃಶ್ಯದ ಬರಹ ಯಾವಾಗ ಕೈಗೆ ಸಿಗುತ್ತದೆ. ನಿಮ್ಮ ದೃಶ್ಯದ ಹಿಂದಿನದು ಮತ್ತು ಮುಂದಿನದನ್ನೂ ಕಳಿಸಲು ಹೇಳಿ. ಸಂಭಾವನೆಯನ್ನೂ ಕೇಳಿ. ಹಳೆಯ ಪರಿಚಯ ಅಂತ ಸಂಕೋಚಪಟ್ಟು ಬಿಡಬೇಡಿ. ಮೊತ್ತ ಸಣ್ಣದಿರಲಿ, ಆದರೆ ಎಷ್ಟು, ಯಾವಾಗ, ಓಡಾಟದ ಖರ್ಚು ಯಾರದು, ತೆರೆಯ ಮೇಲೆ ಹೆಸರು ಹೇಗೆ ಬರುತ್ತದೆ ಅನ್ನುವುದು ಒಂದು ಮೆಸೇಜಿನಲ್ಲಾದರೂ ಬರಹದಲ್ಲಿರಲಿ. ಸಾಮಾನ್ಯವಾಗಿ ಈ ಲೆಕ್ಕವೆಲ್ಲ ಪ್ರೊಡಕ್ಷನ್ ಮ್ಯಾನೇಜರ್ ಕೈಯಲ್ಲಿರುತ್ತದೆ, ಅವರ ನಂಬರ್ ಇಸ್ಕೊಳ್ಳಿ. ಶೂಟಿಂಗ್ ದಿನ ನಿರ್ದೇಶಕರು ನಿಮ್ಮ ಜತೆ ಹೆಚ್ಚು ಮಾತಾಡದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಅವರಿಗೆ ನೂರು ತಲೆನೋವು ಇರುತ್ತದೆ, ನೀವು ಅದರಲ್ಲಿ ಒಬ್ಬರಾಗಿಲ್ಲ ಅಂತ ಅರ್ಥ.